ಸುರುಳಿಚಿತ್ರದಲ್ಲಿ ಸಂಗೀತವನ್ನು ನೋಡುವ ಬಗೆ

ಚೀನಾದ ಅಡ್ಡ ಸುರುಳಿಚಿತ್ರವು ಗೋಡೆಗೆ ತೂಗುಹಾಕುವ ವಸ್ತುವಲ್ಲ. ಅದನ್ನು ಮೇಜಿನ ಮೇಲಿಟ್ಟು, ಎಡಗೈಯಿಂದ ಬಿಚ್ಚುತ್ತ, ನೋಡಿದ್ದನ್ನು ಬಲಗೈಯಿಂದ ಸುತ್ತುತ್ತ, ಒಮ್ಮೆಗೆ ಒಂದೂವರೆ ಮೊಳದಷ್ಟನ್ನೇ ನೋಡುತ್ತ ಸಾಗಬೇಕು. ಮೊಬೈಲಿನಲ್ಲಿ ಇಡೀ ಚಿತ್ರವನ್ನು ಒಮ್ಮೆಲೇ ನೋಡಿದರೆ ಈ ಕ್ರಮವೇ ಕೆಡುತ್ತದೆ.

ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ 'ಹಾನ್ ಶೀಝಾಯ್‌ನ ರಾತ್ರಿಯ ಔತಣ' ಎಂಬ ಸುರುಳಿಯು (ಹಾನ್ ಹತ್ತನೆಯ ಶತಮಾನದ ಮಂತ್ರಿ) 28.7 ಸೆಂ.ಮೀ. ಎತ್ತರ, 335.5 ಸೆಂ.ಮೀ. ಉದ್ದವಿದೆ. ಮನೆಯಲ್ಲೇ ಇದರ ಸುರುಳಿ ಮಾಡಿಕೊಳ್ಳಲು, ಅರ್ಧ ಅಳತೆಯಲ್ಲಿ ಮುದ್ರಿಸಿದರೆ ಆರು ಎ4 ಹಾಳೆ ಸಾಕು. ಹಾಳೆಗಳನ್ನು ಮೈದಾ ಅಂಟಿನಿಂದ ಜೋಡಿಸಿ, ಎರಡೂ ತುದಿಗೆ ಬೆರಳುಗಾತ್ರದ ವಾಟೆಬಿದಿರಿನ ತುಂಡು ಕಟ್ಟಿರಿ. ತೀರ್ಥಹಳ್ಳಿ ಕಡೆಯವರು ಈ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಮಾಡುವುದು ಲೇಸು. ಆಷಾಢದಲ್ಲಿ ಅಂಟಿಸಿದ ನನ್ನ ಮೊದಲ ಸುರುಳಿಗೆ ಚೌತಿಯ ಹೊತ್ತಿಗೆ ಬೂಸ್ಟು ಹಿಡಿದಿತ್ತು.

ಬಲತುದಿಯಿಂದ ಆರಂಭಿಸಿ. ಮೊದಲ ದೃಶ್ಯದಲ್ಲಿ ಹೆಣ್ಣೊಬ್ಬಳು ನಾಲ್ಕು ತಂತಿಯ ಪೀಪಾ ನುಡಿಸುತ್ತಾಳೆ. ಅವಳನ್ನು ಬಿಟ್ಟು, ಕೇಳುವವರ ಮುಖಗಳನ್ನು ಗಮನಿಸಿ. ಚಿತ್ರಕಾರನು ನಾದವನ್ನು ತೋರಿಸಿರುವುದು ಅಲ್ಲಿ. ಎತ್ತರದ ಕಪ್ಪು ಟೊಪ್ಪಿಯ ಗಡ್ಡಧಾರಿ ಹಾನ್ ಮುಂದಿನ ದೃಶ್ಯದಲ್ಲಿ ತಾನೇ ನಗಾರಿ ಬಾರಿಸುತ್ತಾನೆ. ಯಕ್ಷಗಾನದ ತೆರೆಯಂತೆ ಇಲ್ಲಿ ಮಡಿಕೆಪರದೆಗಳು ದೃಶ್ಯವನ್ನು ಬೇರ್ಪಡಿಸುತ್ತವೆ. ಆಗಿನ ದೊರೆ ಲೀ ಯೂ ಈ ಔತಣವನ್ನು ಗುಟ್ಟಾಗಿ ನೋಡಿಬರಲು ಚಿತ್ರಕಾರ ಗೂ ಹೊಂಗ್‌ಝೊಂಗ್‌ನನ್ನು ಕಳುಹಿಸಿದನೆಂದೂ ಅವನು ನೆನಪಿನಿಂದಲೇ ಬರೆದನೆಂದೂ ಐತಿಹ್ಯವಿದೆ. ಉಳಿದಿರುವ ಸುರುಳಿಯು ಸೋಂಗ್ ಕಾಲದ (10–13ನೇ ಶತಮಾನ) ಪ್ರತಿಯೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಬಳಿಕ ಯುವಾನ್ ಕಾಲದ (13–14ನೇ ಶತಮಾನ) ವಾಂಗ್ ಝೆನ್‌ಪೆಂಗ್ ಬಣ್ಣವಿಲ್ಲದೆ, ಬರೀ ಮಸಿಯ ಗೆರೆಯಲ್ಲಿ ಬರೆದ, ಐತಿಹ್ಯದ ವಾದ್ಯಗಾರ ಬೋಯಾನ ಚಿತ್ರಕ್ಕೆ ಬನ್ನಿ. ಬೋಯಾ ಬೆಟ್ಟವನ್ನು ನೆನೆದು ಚಿನ್ ಎಂಬ ತಂತಿವಾದ್ಯ ನುಡಿಸಿದರೆ ಅವನ ಗೆಳೆಯ ಝೊಂಗ್ ಝೀಚಿಗೆ ಬೆಟ್ಟ ಕಾಣುತ್ತಿತ್ತು, ಹೊಳೆಯನ್ನು ನೆನೆದರೆ ಹೊಳೆ. ಗೆಳೆಯ ಸತ್ತ ಮೇಲೆ ಬೋಯಾ ತಂತಿ ಹರಿದು ವಾದ್ಯವನ್ನೇ ತೊರೆದನು. ನಮ್ಮ ವೀಣೆಯಂತೆ ಚಿನ್‌ಗೂ ಏಳು ತಂತಿ. ಆದರೆ ವೀಣೆಯ 24 ಮೆಟ್ಟಿಲುಗಳ ಬದಲು ಅದರ ಅಂಚಿನಲ್ಲಿ 13 ಚುಕ್ಕೆಗಳಷ್ಟೇ ಇರುವುದರಿಂದ ಬೆರಳು ತಡೆಯಿಲ್ಲದೆ ಜಾರುತ್ತದೆ. ದನಿ ಬಲು ಮೆಲುವಾದದ್ದು, ಹತ್ತಿರ ಕುಳಿತವನಿಗಷ್ಟೇ ದಕ್ಕುವಂಥದ್ದು. ತಂತಿ ಹರಿದ ಗಳಿಗೆಯನ್ನು ಬಿಟ್ಟು, ತಲೆತಗ್ಗಿಸಿ ಕೇಳುವ ಗೆಳೆಯನನ್ನು ವಾಂಗ್ ಆರಿಸಿಕೊಂಡದ್ದೇ ಅವನ ಹಿರಿಮೆಯೆಂದು ನನ್ನ ಎಣಿಕೆ.

ಎಡತುದಿಗೆ ಖಾಲಿ ಹಾಳೆಯೊಂದನ್ನು ಸೇರಿಸಿಡಿ. ಚೀನಾದಲ್ಲಿ ನೋಡಿದವರು ತಮ್ಮ ಬರಹವನ್ನೂ ಕೆಂಪು ಮುದ್ರೆಯನ್ನೂ ಅಲ್ಲಿ ಸೇರಿಸುತ್ತಿದ್ದರು. ನಮ್ಮ ಮನೆಯ ಸುರುಳಿಯಲ್ಲಿ ನೆರೆಮನೆಯ ಮದ್ದಳೆಗಾರರು, ಹಾನ್ ಬಾರಿಸುತ್ತಿರುವುದು ಯಾವ ತಾಳವೆಂದು ಕೇಳಿ ಬರೆದಿದ್ದಾರೆ.