ಹದಿನೈದು ಕೆಜಿ ಮತ್ತು ಜೋನಿ ಬೆಲ್ಲದ ಡಬ್ಬಿ

ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಈಗ ಯಾರಿಗೆ ವಿಮಾನದ ಟಿಕೆಟ್ ಬೇಕಾದರೂ ನನಗೆ ಫೋನ್ ಬರುತ್ತದೆ. ನಾನು ಏಜೆಂಟ್ ಅಲ್ಲ. ಅಡಿಕೆ ತೋಟದ ಮನೆಯ ಹೆಂಗಸು. ಈ ಕೆಲಸ ನನ್ನ ಕೈಗೆ ಬಂದದ್ದು ಒಂದು ದಿನ ಕೌಂಟರ್ ಮುಂದೆ ಅತ್ತೆಯ ಮುಖ ನೋಡಿದ ಮೇಲೆ.

ಆಗ ಆಲೆಮನೆ ಮುಗಿದ ಸಮಯ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅಜ್ಜಿಯನ್ನು ಒಮ್ಮೆ ಕರೆಸಿಕೊಳ್ಳಬೇಕು ಅಂತ ಅವನೇ ಬೆಂಗಳೂರಿನಿಂದ ಪುಣೆಗೆ ಟಿಕೆಟ್ ತೆಗೆದ. ಅತ್ತೆ ಒಬ್ಬರೇ ಹೋಗಲು ಹೆದರಿದರು. ಹಾಗಾಗಿ ನಾಲ್ಕು ದಿನ ಬಿಟ್ಟು ಅದೇ ವಿಮಾನಕ್ಕೆ ನನ್ನ ಟಿಕೆಟ್ ಬೇರೆಯಾಗಿ ತೆಗೆದೆವು. ಅಗ್ಗದ ವಿಮಾನ. ತೋರಿಸಿದ ದರ 3,200 ರೂಪಾಯಿ. ಸೀಟು, ವಿಮೆ, ಕನ್ವೀನಿಯನ್ಸ್ ಫೀ (ಆನ್‌ಲೈನಿನಲ್ಲಿ ಬುಕ್ ಮಾಡಿದ್ದಕ್ಕೆ ಹಾಕುವ ಶುಲ್ಕ) ಅಂತ ಸೇರಿ ಹಣ ಕಟ್ಟುವ ಹೊತ್ತಿಗೆ 3,900 ದಾಟಿತ್ತು. ಅದನ್ನು ಆಗ ಯಾರೂ ಗಮನಿಸಲಿಲ್ಲ.

ಮೊಮ್ಮಗನಿಗೆ ಅಂತ ಅತ್ತೆ ಒಂದು ವಾರದಿಂದ ಕಟ್ಟುತ್ತಿದ್ದರು. ಜೋನಿ ಬೆಲ್ಲದ, ಅಂದರೆ ನೀರು ಬೆಲ್ಲದ, ದೊಡ್ಡ ಡಬ್ಬಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಇಳಿದು, ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋದೆವು. ಕೌಂಟರಿನಲ್ಲಿ ಬ್ಯಾಗ್ ತೂಗಿದರು. ನನ್ನದು 11 ಕೆಜಿ. ಅತ್ತೆಯದು 22. ದೇಶದೊಳಗಿನ ಮಾಮೂಲಿ ಟಿಕೆಟ್‌ಗೆ ಕೌಂಟರಿನಲ್ಲಿ ಕೊಟ್ಟು ಕಳಿಸುವ ಚೆಕ್-ಇನ್ ಬ್ಯಾಗ್ 15 ಕೆಜಿ. ಏಳು ಕೆಜಿ ಹೆಚ್ಚು. ಕೆಜಿಗೆ 650 ರೂಪಾಯಿ ಅಂದರು. ಒಟ್ಟು 4,550.

"ಇಬ್ಬರದೂ ಸೇರಿಸಿ ನೋಡಿ, ಮೂವತ್ತಕ್ಕಿಂತ ಮೂರೇ ಕೆಜಿ ಜಾಸ್ತಿ" ಎಂದೆ. ಟಿಕೆಟ್ ಎರಡು ಬೇರೆ ಬೇರೆ ಪಿಎನ್ಆರ್ (ಬುಕಿಂಗ್ ಸಂಖ್ಯೆ), ಒಟ್ಟು ಹಾಕಲು ಬರುವುದಿಲ್ಲ ಎಂದರು. ಹಿಂದೆ ಸಾಲು ಉದ್ದ ಇತ್ತು. ಅತ್ತೆ ನನ್ನ ಕೈ ಹಿಡಿದು, "ಬೆಲ್ಲ ಇಲ್ಲೇ ಯಾರಿಗಾದ್ರೂ ಕೊಟ್ಟುಬಿಡೇ ಮಾರಾಯ್ತಿ, ಇಷ್ಟು ದುಡ್ಡು ಬೇಡ" ಅಂದರು. ಅವರ ದನಿ ನಡುಗುತ್ತಿತ್ತು. ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ವಿಮಾನ ಹತ್ತಲು ಬಂದವರು, ತಪ್ಪು ಮಾಡಿದವರ ಹಾಗೆ ನಿಂತಿದ್ದರು. ನಾನು ಕಾರ್ಡ್ ಕೊಟ್ಟು ಹಣ ಕಟ್ಟಿದೆ. ಅವರ ಟಿಕೆಟಿಗಿಂತ ಅವರ ಬ್ಯಾಗಿಗೆ ಹೆಚ್ಚು ಕೊಟ್ಟಿದ್ದೆವು.

ಪುಣೆಯಲ್ಲಿ ಮಗ ಕೇಳಿದ: "ಅಮ್ಮ, ನಿನ್ನ ಬ್ಯಾಗಲ್ಲಿ ನಾಲ್ಕು ಕೆಜಿ ಜಾಗ ಇತ್ತಲ್ವಾ? ಅಲ್ಲೇ ಪಕ್ಕಕ್ಕೆ ಹೋಗಿ ಹಪ್ಪಳ, ಚಿಪ್ಸ್ ಅದಕ್ಕೆ ಹಾಕಿದ್ರೆ ಮೂರು ಕೆಜಿಗೆ ಮಾತ್ರ ಕಟ್ಟಬೇಕಿತ್ತು." ಹೌದು. ಸಾಲಿನಿಂದ ಹೊರಗೆ ಬಂದು, ಬ್ಯಾಗ್ ಬಿಚ್ಚಿ, ಮತ್ತೆ ತೂಗಿಸಲು ಯಾರ ಅಡ್ಡಿಯೂ ಇರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ. ಹೊಸ ಜಾಗ, ಹೊಸ ಮಾತು, ಹಿಂದೆ ಕಾಯುವ ಜನ. ಅಂಥ ಹೊತ್ತಲ್ಲಿ ಯಾರಿಗೂ ಲೆಕ್ಕ ಹೊಳೆಯುವುದಿಲ್ಲ. ಲೆಕ್ಕವನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕು ಅಂತ ನಾನು ಪಟ್ಟು ಹಿಡಿದದ್ದು ಅಂದಿನಿಂದ.

ಲೆಕ್ಕ ಅಂದರೆ ನಮಗೆ ಹೊಸದಲ್ಲ. ಮಂಡಿಯಲ್ಲಿ ಅಡಿಕೆ ಮಾರುವಾಗ ಕ್ವಿಂಟಲ್ ದರ ಕೇಳಿ ಯಾರಾದರೂ ಸುಮ್ಮನಾಗುತ್ತಾರಾ? ಚೀಲದ ತೂಕ ಎಷ್ಟು ಕಳೆದರು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಕೊನೆಗೆ ಕೈಗೆ ಎಷ್ಟು ಬಂತು ಅಂತ ನೋಡುತ್ತೇವೆ. ಟಿಕೆಟ್ ಕೂಡ ಹಾಗೇ. ಮೊದಲು ಕಾಣುವ ದರ ಮಂಡಿಯ ಕ್ವಿಂಟಲ್ ದರ ಇದ್ದ ಹಾಗೆ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ನಾನು ಪ್ರತಿ ಪ್ರಯಾಣಕ್ಕೂ ಒಂದು ಪಟ್ಟಿ ಬರೆಯುತ್ತೇನೆ. ನಮ್ಮ ಮನೆ ಬಾಗಿಲಿಂದ ಅವರ ಮನೆ ಬಾಗಿಲವರೆಗೆ.

ಮೊದಲ ಸಾಲು ಟಿಕೆಟ್. ಮೂರು ನಾಲ್ಕು ಕಂಪನಿಯ ದರವನ್ನು ಒಂದು ಹುಡುಕುವ ಜಾಲತಾಣದಲ್ಲಿ ನೋಡುತ್ತೇನೆ. ಆದರೆ ಬುಕ್ ಮಾಡುವ ಮುಂಚೆ ಕಂಪನಿಯ ಸ್ವಂತ ತಾಣದಲ್ಲೂ ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ ನೋಡುತ್ತೇನೆ. ಕೂಪನ್ ಹಾಕಿ 400 ಕಡಿಮೆ ಎಂದು ತೋರಿಸಿ, ಕೊನೆಯಲ್ಲಿ ಕನ್ವೀನಿಯನ್ಸ್ ಫೀ ಅಂತ ಅದರ ಮುಕ್ಕಾಲು ಪಾಲು ಸೇರಿಸಿದ್ದನ್ನು ನೋಡಿದ್ದೇನೆ. ಈ ಫೀ ಸಾಮಾನ್ಯವಾಗಿ ಟಿಕೆಟಿಗೆ ಒಂದಲ್ಲ. ತಲೆಗೆ ಇಷ್ಟು, ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ನಾಲ್ಕು ಜನ ಹೋಗಿ ಬಂದರೆ ಎಂಟು ಸಲ. ಟಿಕೆಟ್ ರದ್ದು ಮಾಡಿದರೂ ಸಾಮಾನ್ಯವಾಗಿ ಅದು ವಾಪಸ್ ಬರುವುದಿಲ್ಲ. ಇದನ್ನು ನಾನು ಕೆಂಪು ಪೆನ್ನಲ್ಲಿ ಬರೆಯುತ್ತೇನೆ.

ಆಮೇಲೆ ಒಂದೊಂದೇ ಪುಟದಲ್ಲಿ ಬರುವ ಪ್ರಶ್ನೆಗಳು. ವಿಮೆ ಬೇಕಾ, ಊಟ ಬೇಕಾ, ಬೇಗ ಬ್ಯಾಗ್ ಬರಬೇಕಾ, ಮೊದಲು ಹತ್ತಬೇಕಾ. ಇಂಥ ಹೆಚ್ಚುವರಿ ಸೇವೆಗಳನ್ನು ಪ್ರಯಾಣಿಕರು ತಾವಾಗಿ ಆರಿಸಿಕೊಂಡರೆ ಮಾತ್ರ ಸೇರಿಸಬೇಕು ಅಂತ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ನಿಯಮವಿದೆ. ಆದರೂ ನಾನು ಪ್ರತಿ ಟಿಕ್ ಗುರುತನ್ನೂ ಬೆರಳಿಟ್ಟು ನೋಡುತ್ತೇನೆ. "ಬೇಡ" ಅನ್ನುವ ಅಕ್ಷರ ಸಣ್ಣದಾಗಿ ಮಸುಕಾಗಿ ಇರುತ್ತದೆ. ವಯಸ್ಸಾದವರ ಕಣ್ಣಿಗೆ ಅದು ಕಾಣುವುದೇ ಇಲ್ಲ. ಈ ಒಂದು ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಸೀಟಿನ ಬಗ್ಗೆ ಜಾಸ್ತಿ ಜನ ಮೋಸ ಹೋಗುತ್ತಾರೆ. ವೆಬ್ ಚೆಕ್-ಇನ್ ಮಾಡುವಾಗ, ಅಂದರೆ ಮನೆಯಿಂದಲೇ ಆನ್‌ಲೈನಿನಲ್ಲಿ ಬೋರ್ಡಿಂಗ್ ಪಾಸ್ ತೆಗೆಯುವಾಗ, ಸೀಟಿನ ನಕ್ಷೆ ಬರುತ್ತದೆ. ಬಹಳಷ್ಟು ಸೀಟಿನ ಮೇಲೆ ದರ ಇರುತ್ತದೆ. ಹಣ ಕಟ್ಟದಿದ್ದರೆ ಸೀಟೇ ಸಿಗುವುದಿಲ್ಲ ಅಂದುಕೊಂಡು ನಮ್ಮವರು 300, 400 ಕಟ್ಟಿಬಿಡುತ್ತಾರೆ. ಟಿಕೆಟ್ ಇದೆ ಅಂದಮೇಲೆ ಸೀಟು ಕೊಡಲೇಬೇಕು. ಆರಿಸದೆ ಮುಂದೆ ಹೋಗುವ ದಾರಿ ಆ ಪುಟದಲ್ಲೇ ಎಲ್ಲೋ ಇರುತ್ತದೆ. ಸಿಗದಿದ್ದರೆ ಬೇಗ ಹೋಗಿ ಕೌಂಟರಿನಲ್ಲಿ ಕೇಳುತ್ತೇವೆ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಬೇರೆ ಹಣ ಕೇಳುವಂತಿಲ್ಲ ಅಂತ ಕೇಂದ್ರದ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲೇ ಹೇಳಿದೆ. ಮಕ್ಕಳಿದ್ದರೆ ಇನ್ನೊಂದು ನಿಯಮ ನೆನಪಿಡಬೇಕು. 12 ವರ್ಷದೊಳಗಿನ ಮಗುವಿಗೆ ಅದೇ ಪಿಎನ್ಆರ್‌ನಲ್ಲಿರುವ ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕು ಅಂತ 2024ರಲ್ಲಿ ಡಿಜಿಸಿಎ ಹೇಳಿದೆ. ನಾದಿನಿ ಮಗಳೊಂದಿಗೆ ಹೋಗುವಾಗ ನಾನು ಇದನ್ನು ಹೇಳಿಕೊಟ್ಟೆ. ಅವಳು ಕೌಂಟರಿನಲ್ಲಿ ಕೇಳಿದಳು, ಕೊಟ್ಟರು.

ಅತ್ತೆಯ ವಿಷಯಕ್ಕೆ ಮಾತ್ರ ನಾನು ಈಗ ಹಣ ಕೊಟ್ಟೇ ಸೀಟು ತೆಗೆಯುತ್ತೇನೆ. ಅವರಿಗೆ ಮಂಡಿ ನೋವು, ನಡುದಾರಿ ಪಕ್ಕದ ಸೀಟೇ ಬೇಕು. ಬೇಕಾದದ್ದಕ್ಕೆ ಕೊಡುವುದರಲ್ಲಿ ನನಗೆ ಬೇಸರವಿಲ್ಲ. ಗೊತ್ತಿಲ್ಲದೆ ಕೊಡುವುದು ಬೇಡ, ಅಷ್ಟೆ.

ತೂಕಕ್ಕೆ ಮನೆಯಲ್ಲೇ ಕಾಟಾ ಇದೆ. ಅಡಿಕೆ ತೂಗುವ ಅದರ ಮೇಲೆ ಹೊರಡುವ ಹಿಂದಿನ ದಿನ ಬ್ಯಾಗ್ ಇಟ್ಟು ನೋಡುತ್ತೇವೆ. 14 ಕೆಜಿ ದಾಟಿದರೆ ಏನಾದರೂ ಹೊರಗೆ ಬರಲೇಬೇಕು, ಏಕೆಂದರೆ ಕೊನೆ ಗಳಿಗೆಯಲ್ಲಿ ಅತ್ತೆ ಒಂದು ಪೊಟ್ಟಣ ತುರುಕುತ್ತಾರೆ ಅಂತ ನನಗೆ ಗೊತ್ತು. ಖಾಲಿ ಬ್ಯಾಗಿನ ತೂಕವೂ ಮುಖ್ಯ. ನಮ್ಮ ಹಳೆಯ ಗಟ್ಟಿ ಸೂಟ್‌ಕೇಸ್ ಒಂದೇ ನಾಲ್ಕೂವರೆ ಕೆಜಿ ಇತ್ತು. ಅದನ್ನು ಅಟ್ಟಕ್ಕೆ ಹಾಕಿ ಬಟ್ಟೆಯ ಬ್ಯಾಗ್ ತಂದೆ. ಅಲ್ಲಿಗೆ ಎರಡೂವರೆ ಕೆಜಿ ಬೆಲ್ಲಕ್ಕೆ ಜಾಗ ಆಯಿತು.

ಕೆಲವು ಕಂಪನಿಗಳಲ್ಲಿ 15 ಕೆಜಿ ಅಂದರೆ ಒಂದೇ ಬ್ಯಾಗ್. ತೂಕ ಕಡಿಮೆ ಇದ್ದರೂ ಎರಡನೇ ಬ್ಯಾಗಿಗೆ ಬೇರೆ ಹಣ. ಡಬ್ಬಿ, ಕೈಚೀಲ ಅಂತ ನಾಲ್ಕು ಗಂಟು ಒಯ್ಯುವ ನಮಗೆ ಇದು ಗೊತ್ತಿರಲೇಬೇಕು. ಹೆಚ್ಚು ತೂಕ ಬೇಕೇ ಬೇಕು ಅಂದರೆ ಮೊದಲೇ ಆನ್‌ಲೈನಿನಲ್ಲಿ 5 ಕೆಜಿ, 10 ಕೆಜಿ ಅಂತ ತೆಗೆದುಕೊಳ್ಳುತ್ತೇನೆ. ನಾನು ನೋಡಿದ ಎಲ್ಲ ಸಲವೂ ಅದು ಕೌಂಟರ್ ದರಕ್ಕಿಂತ ಕಡಿಮೆಯೇ ಇತ್ತು. ಒಟ್ಟಿಗೆ ಹೋಗುವವರ ಟಿಕೆಟನ್ನು ಒಂದೇ ಪಿಎನ್ಆರ್‌ನಲ್ಲಿ ತೆಗೆಯುತ್ತೇನೆ. ಹಪ್ಪಳ, ಚಿಪ್ಸ್ ಈಗ ಅಂಚೆಯಲ್ಲಿ ಹೋಗುತ್ತವೆ.

ಯಾವುದು ಯಾವ ಬ್ಯಾಗಿಗೆ ಅನ್ನುವುದೂ ಲೆಕ್ಕದ ಭಾಗವೇ. ಜೋನಿ ಬೆಲ್ಲ, ಉಪ್ಪಿನಕಾಯಿ, ಎಣ್ಣೆ ಚೆಕ್-ಇನ್ ಬ್ಯಾಗಿಗೆ. ಕೈಯಲ್ಲಿ ಒಯ್ದರೆ ಸೆಕ್ಯುರಿಟಿಯಲ್ಲಿ ತೆಗೆಸುವ ಭಯ ಇದೆ. ಒಣ ಕೊಬ್ಬರಿ ಮಾತ್ರ ಚೆಕ್-ಇನ್ ಬ್ಯಾಗಿಗೆ ಹಾಕಬಾರದು. ಅದರಲ್ಲಿ ಎಣ್ಣೆ ಹೆಚ್ಚು, ಬೆಂಕಿ ಹಿಡಿಯುವ ವಸ್ತು ಅಂತ ಲೆಕ್ಕ. ಪವರ್ ಬ್ಯಾಂಕನ್ನೂ ಚೆಕ್-ಇನ್ ಬ್ಯಾಗಿಗೆ ಹಾಕಬಾರದು, ಅದು ಕೈಬ್ಯಾಗಿನಲ್ಲೇ ಇರಬೇಕು. ಕೈಬ್ಯಾಗು 7 ಕೆಜಿ. ನಾವು ಮನೆಯಿಂದ ಅವಲಕ್ಕಿ ಕಟ್ಟಿಕೊಂಡು, ಖಾಲಿ ಬಾಟಲಿ ಒಯ್ದು ಸೆಕ್ಯುರಿಟಿ ದಾಟಿದ ಮೇಲೆ ನೀರು ತುಂಬಿಸಿಕೊಳ್ಳುತ್ತೇವೆ.

ಹೆಸರಿನ ತೊಂದರೆ ನಮ್ಮ ಕಡೆಯವರಿಗೇ ಹೆಚ್ಚು. ನಮ್ಮಲ್ಲಿ ಎಷ್ಟೋ ಜನಕ್ಕೆ ಅಡ್ಡಹೆಸರಿಲ್ಲ, ಇನಿಷಿಯಲ್ ಇರುತ್ತದೆ. ಫಾರಂ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಕೇಳುತ್ತದೆ. ಫೋನಿನಲ್ಲಿ ಹೇಳಿದ ಹೆಸರು ಹಾಕಿ, ಆಧಾರ್‌ನಲ್ಲಿ ಬೇರೆ ಇದ್ದು, ತಿದ್ದಿಸಲು ನಮ್ಮ ಭಾವನವರು ಎರಡು ದಿನ ಫೋನ್ ಹಿಡಿದು ಕೂತಿದ್ದರು, ಹಣವೂ ಹೋಯಿತು. ಈಗ ಆಧಾರ್ ಕಾರ್ಡಿನ ಫೋಟೋ ಬರದೆ ನಾನು ಟಿಕೆಟ್ ಮುಟ್ಟುವುದಿಲ್ಲ. ಅದರಲ್ಲಿ ಇದ್ದ ಹಾಗೇ, ಅಕ್ಷರ ಅಕ್ಷರ ನೋಡಿ ಹಾಕುತ್ತೇನೆ.

ಇನ್ನು ಶಿವಮೊಗ್ಗದ ವಿಮಾನ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದು ಇಳಿಯಿತು. ನಮಗೆಲ್ಲ ಎಷ್ಟು ಖುಷಿ! ಈಗಲೂ ಖುಷಿಯೇ. ಆದರೆ ಬಸವನಗುಡಿಯ ಅಕ್ಕನ ಮನೆಗೆ ಒಮ್ಮೆ ಲೆಕ್ಕ ಹಾಕಿದೆ. ಮನೆಯಿಂದ ಸೋಗಾನೆಗೆ ಕಾರು 2,500. ಟಿಕೆಟ್ 2,800. ದೇವನಹಳ್ಳಿಯಿಂದ ಬಸವನಗುಡಿಗೆ ಟ್ಯಾಕ್ಸಿ 1,200. ಒಬ್ಬರಿಗೆ 6,500 ರೂಪಾಯಿ. ವಿಮಾನ ಹಾರುವುದು ಒಂದು ಗಂಟೆ. ಮನೆಯಿಂದ ಮನೆಗೆ ಏಳು ಗಂಟೆ ಹತ್ತಿರ. ರಾತ್ರಿ ರೈಲಿನಲ್ಲಿ ಮಲಗಿಕೊಂಡೇ ಹೋಗಬಹುದು.

ದೆಹಲಿಗೆ ಹೋಗುವವರಿಗೆ ಅದೇ ಲೆಕ್ಕ ಬೇರೆಯಾಗುತ್ತದೆ. ಶಿವಮೊಗ್ಗದಿಂದ ದೆಹಲಿಗೆ ಒಂದೇ ಟಿಕೆಟ್ ಸಿಕ್ಕರೆ ಬೆಂಗಳೂರಿನ ಟ್ಯಾಕ್ಸಿ ಉಳಿಯುತ್ತದೆ, ಬ್ಯಾಗಿನ ಚಿಂತೆಯೂ ಕಡಿಮೆ. ಹಣ ಉಳಿಸಲು ಎರಡು ಕಂಪನಿಯ ಎರಡು ಟಿಕೆಟ್ ಜೋಡಿಸಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮ ಮಳೆಗಾಲದ ಮೋಡ, ಚಳಿಗಾಲದ ಬೆಳಗಿನ ಮಂಜು ಯಾರ ಮಾತೂ ಕೇಳುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೇ ಕಂಪನಿಗೆ ಅದು ನಾವೇ ಬಾರದ ಲೆಕ್ಕ. ಆ ಹಣ ಹೋದಂತೆಯೇ. ಬೆಂಗಳೂರಿನಲ್ಲಿ ಬ್ಯಾಗ್ ಬಿಡಿಸಿಕೊಂಡು ಒಂದನೇ ಟರ್ಮಿನಲ್‌ನಿಂದ ಎರಡಕ್ಕೆ ಓಡುವ ಕಷ್ಟವೂ ಬರಬಹುದು.

ತಡವಾದರೆ ಏನು ಕೇಳಬಹುದು ಅನ್ನುವುದನ್ನು ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟಿದ್ದೇನೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ ಕಾಯುವವರಿಗೆ ತಿಂಡಿ, ಕುಡಿಯಲು ಕೊಡಬೇಕು. ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಮ್ಮದು. ಹವಾಮಾನದಿಂದ ರದ್ದಾದರೆ ಅದರ ಮೇಲೆ ಪರಿಹಾರ ಸಿಗುವುದಿಲ್ಲ. ಸೋಗಾನೆಗೆ ಕೊಟ್ಟ ಕಾರಿನ ಬಾಡಿಗೆಯಂತೂ ಬರುವುದಿಲ್ಲ. ಹಾಗಾಗಿ ಜುಲೈ, ಆಗಸ್ಟಿನಲ್ಲಿ ಆಸ್ಪತ್ರೆ, ಪರೀಕ್ಷೆ ಇದ್ದವರಿಗೆ ಒಂದು ದಿನ ಮುಂಚೆ ಹೊರಡಿ ಅನ್ನುತ್ತೇನೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಗ್ಗದ ಟಿಕೆಟ್ ರದ್ದು ಮಾಡಿದರೆ ಏನೂ ಬರುವುದಿಲ್ಲ ಅಂದುಕೊಂಡು ಸುಮ್ನೆ ಬಿಟ್ಟುಬಿಡುತ್ತಾರೆ. ಮೂಲ ದರ ಹೋಗಬಹುದು. ಆದರೆ ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಬಳಕೆ ಶುಲ್ಕ ವಾಪಸ್ ಕೊಡಲೇಬೇಕು. ಹೋಗದೇ ಉಳಿದರೂ ಕೊಡಬೇಕು. ತಂಗಿಯ ಮಗನಿಗೆ ಜ್ವರ ಬಂದು ಪ್ರಯಾಣ ನಿಂತಾಗ ಬುಕ್ ಮಾಡಿದ ತಾಣದಲ್ಲಿ ವಾಪಸ್ ಸೊನ್ನೆ ಅಂತ ತೋರಿಸಿತು. ನಾನು ಬಿಡಲಿಲ್ಲ. ಟಿಕೆಟಿನ ದರದ ವಿವರ ತೆಗೆದು, ಯಾವ ಸಾಲಿನ ಹಣ ವಾಪಸ್ ಬರಬೇಕು ಅಂತ ಗುರುತು ಹಾಕಿ ಇಮೇಲ್ ಮಾಡಿದೆ. ಎರಡನೇ ಸಲ ಬರೆದಾಗ ಏರ್‌ಸೇವಾದಲ್ಲಿ ದೂರು ಕೊಡುತ್ತೇನೆ ಎಂದೂ ಸೇರಿಸಿದೆ. ಅದು ವಿಮಾನಯಾನ ಸಚಿವಾಲಯದ ದೂರಿನ ತಾಣ. ಹನ್ನೆರಡು ದಿನಕ್ಕೆ 870 ರೂಪಾಯಿ ಬಂತು. ನಮ್ಮ ಕಡೆ ಒಂದು ಆಳಿನ ದಿನದ ಕೂಲಿಗಿಂತ ಹೆಚ್ಚು ಅದು. ಬಿಡುವ ಹಣವಲ್ಲ.

ಕಳೆದ ವರ್ಷ ಅತ್ತೆ ಮತ್ತೆ ಪುಣೆಗೆ ಹೋದರು. ಗಾಲಿಕುರ್ಚಿಗೆ ಮೊದಲೇ ಹೇಳಿದ್ದೆ, ಅದಕ್ಕೆ ಹಣ ಕೇಳಲಿಲ್ಲ. ಬ್ಯಾಗ್ ತೂಗುವಾಗ ಅವರು ಉಸಿರು ಹಿಡಿದು ಅಂಕಿ ನೋಡುತ್ತಿದ್ದರು. 14.6 ಬಂತು. "ಮನೆ ಕಾಟಾ ಸರಿ ಇದೆ" ಎಂದು ನನ್ನ ಕಡೆ ತಿರುಗಿ ಹೇಳಿದರು. ಬೆಲ್ಲದ ಡಬ್ಬಿ ಬೆಲ್ಟಿನ ಮೇಲೆ ಒಳಗೆ ಹೋಗುವ ತನಕ ಅಲ್ಲೇ ನಿಂತು ನೋಡಿದರು.

ಈ ವಾರ ಪಕ್ಕದ ಮನೆಯ ಗಂಡ ಹೆಂಡತಿಗೆ ದೆಹಲಿಗೆ ಟಿಕೆಟ್ ಬೇಕಂತೆ. ಪಟ್ಟಿ ಬರೆದಿದ್ದೇನೆ, ಒಂದೇ ಪಿಎನ್ಆರ್, ಶಿವಮೊಗ್ಗದಿಂದ. ಅವರ ಆಧಾರ್ ಫೋಟೋ ಇನ್ನೂ ಬಂದಿಲ್ಲ. ಸಂಜೆ ಹಾಲಿಗೆ ಬಂದಾಗ ಕೇಳಬೇಕು.