ಆಸಿಲೇಟರ್ ಆದ ಮೇಲೆ ಬಫರ್, ಬಫರ್ ಆದ ಮೇಲೆ ಫಿಲ್ಟರ್

7 ಮೆಗಾಹರ್ಟ್ಸ್‌ಗೆ ನಾನು ಕಟ್ಟಿದ್ದು ಮಾಮೂಲಿ ಕಾಲ್ಪಿಟ್ಸ್ ಆಸಿಲೇಟರ್, ಅಂದರೆ ತಾನಾಗಿಯೇ ಒಂದು ಫ್ರೀಕ್ವೆನ್ಸಿಯ ಅಲೆ ಹುಟ್ಟಿಸುವ ಸರ್ಕ್ಯೂಟ್. ಟ್ರಾನ್ಸಿಸ್ಟರ್ 2ಎನ್3904. ಅದು ಓಡುವುದೇನೋ ಸುಲಭವಾಗಿ ಓಡುತ್ತದೆ. ತಲೆನೋವು ಶುರುವಾಗುವುದು ಸಿಗ್ನಲ್ ಹೊರಗೆ ತೆಗೆಯುವಾಗ. ನೇರವಾಗಿ 50 ಓಮ್ ಲೋಡ್ ಕೊಟ್ಟರೆ ಟ್ಯಾಂಕ್‌ನ (ಫ್ರೀಕ್ವೆನ್ಸಿ ನಿರ್ಧರಿಸುವ ಕಾಯಿಲ್-ಕೆಪಾಸಿಟರ್ ಜೋಡಿ) ಕ್ಯೂ, ಅಂದರೆ ಶಕ್ತಿ ಹಿಡಿದಿಡುವ ಗುಣ, ಬೀಳುತ್ತದೆ, ಫ್ರೀಕ್ವೆನ್ಸಿ ಜಾರುತ್ತದೆ. ಕೆಲವೊಮ್ಮೆ ಆಸಿಲೇಟರ್ ನಿಂತೇ ಹೋಗುತ್ತದೆ.

ಲೋಡ್‌ನ ಭಾರ ಆಸಿಲೇಟರ್‌ಗೆ ತಟ್ಟದಂತೆ ನಡುವೆ ಬಫರ್ ಬೇಕು. ಅದಕ್ಕೆ ಒಂದು ಎಮಿಟರ್ ಫಾಲೋವರ್ (ವೋಲ್ಟೇಜ್ ಹೆಚ್ಚಿಸದೆ ಕರೆಂಟ್ ಮಾತ್ರ ಹೆಚ್ಚಿಸುವ ಟ್ರಾನ್ಸಿಸ್ಟರ್ ಹಂತ) ಸಾಕಲ್ವಾ ಅನಿಸಬಹುದು. ನಾನು ಎರಡು ಹಾಕಿದೆ. ಡೇಟಾಶೀಟ್‌ನಲ್ಲಿ ನೂರರ ಮೇಲೆ ಕಾಣುವ ಬೀಟಾ (ಕರೆಂಟ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬ ಲೆಕ್ಕ) ಡಿಸಿಗೆ ಮಾತ್ರ. ಈ ಟ್ರಾನ್ಸಿಸ್ಟರ್‌ನ ಎಫ್‌ಟಿ (ಬೀಟಾ ಒಂದಕ್ಕೆ ಇಳಿಯುವ ಫ್ರೀಕ್ವೆನ್ಸಿ) 300 ಮೆಗಾಹರ್ಟ್ಸ್. 7ರಿಂದ ಭಾಗಿಸಿದರೆ ಕೈಗೆ ಸಿಗುವ ಬೀಟಾ ಸುಮಾರು 43. ಎಮಿಟರ್‌ನಲ್ಲಿ 80 ಓಮ್ ಲೋಡ್ ಇದ್ದರೆ ಬೇಸ್‌ನಲ್ಲಿ ಕಾಣುವುದು ಮೂರೂವರೆ ಕಿಲೋ ಓಮ್ ಅಷ್ಟೇ. ಟ್ಯಾಂಕ್‌ಗೆ ಅದೂ ಭಾರವೇ. ಹಾಗಾಗಿ ಮೊದಲ ಫಾಲೋವರ್‌ಗೆ 1 ಕಿಲೋ ಓಮ್ ಎಮಿಟರ್ ರೆಸಿಸ್ಟರ್ ಹಾಕಿ, ಆಸಿಲೇಟರ್‌ನಿಂದ ಬರೀ 10 ಪಿಕೋಫ್ಯಾರಡ್ ಮೂಲಕ ಸಿಗ್ನಲ್ ಕೊಟ್ಟೆ. ಎರಡನೆಯದಕ್ಕೆ 470 ಓಮ್, 10 ಮಿಲಿಆಂಪ್. ರಿಸೀವರ್‌ನಲ್ಲಿ ಬೀಟ್ (ಫ್ರೀಕ್ವೆನ್ಸಿ ಜಾರಿದರೆ ಬದಲಾಗುವ ಶಿಳ್ಳೆಯಂಥ ಸ್ವರ) ಕೇಳುತ್ತಾ ಲೋಡ್ ಹಾಕಿ, ತೆಗೆದು ನೋಡಿದೆ. ಸ್ವರ ಕದಲಲಿಲ್ಲ.

ಫಿಲ್ಟರ್ ಎಲ್ಲಿ ಇಡಬೇಕು? ಬಫರ್ ಆದ ಮೇಲೆಯೇ. ಫಾಲೋವರ್ ಮೇಲಕ್ಕೆ ಎಳೆಯುವಷ್ಟು ಜೋರಾಗಿ ಕೆಳಕ್ಕೆ ಎಳೆಯಲಾರದು. ಅಲೆಯ ಕೆಳಭಾಗ ಮೊದಲು ಕತ್ತರಿಸುತ್ತದೆ, ಅಲ್ಲೇ ಹೊಸ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಬೇಡದ ಸಿಗ್ನಲ್) ಹುಟ್ಟುತ್ತದೆ. ಮೊದಲೇ ಫಿಲ್ಟರ್ ಮಾಡಿದ್ದರೆ ಅದನ್ನು ತಡೆಯುವವರು ಯಾರು!

ಹಾಕಿದ್ದು ಐದು ಭಾಗದ ಲೋ ಪಾಸ್ (ಮೇಲಿನ ಫ್ರೀಕ್ವೆನ್ಸಿ ತಡೆಯುವ) ಫಿಲ್ಟರ್: 470 ಪಿಕೋಫ್ಯಾರಡ್, 1.4 ಮೈಕ್ರೋಹೆನ್ರಿ, 820 ಪಿಕೋಫ್ಯಾರಡ್, ಮತ್ತೆ 1.4, ಮತ್ತೆ 470. ಕಾಯಿಲ್‌ಗೆ ಹಳದಿ ಟಿ37-6 ಟೊರಾಯ್ಡ್ (ಉಂಗುರದಂಥ ಕೋರ್) ಮೇಲೆ 22 ಸುತ್ತು. ಇಂಡಕ್ಟನ್ಸ್ ಸ್ವಲ್ಪ ಜಾಸ್ತಿ ಬರುತ್ತದೆ, ಸುತ್ತುಗಳನ್ನು ಅಗಲಿಸಿದರೆ ಇಳಿಯುತ್ತದೆ. ಕೆಪಾಸಿಟರ್ ಎನ್‌ಪಿಒ (ಬಿಸಿಗೆ ಬೆಲೆ ಅಷ್ಟಾಗಿ ಬದಲಾಗದ ಬಗೆ) ಆಗಿರಲಿ. ಲೆಕ್ಕದ ಪ್ರಕಾರ 14 ಮೆಗಾಹರ್ಟ್ಸ್‌ನ ಎರಡನೇ ಹಾರ್ಮೋನಿಕ್ ಸುಮಾರು 30 ಡಿಬಿ ಇಳಿಯುತ್ತದೆ, 21ರದ್ದು ಇನ್ನೂ ಜಾಸ್ತಿ.

ಆದರೆ ಈ ಲೆಕ್ಕ ಎರಡೂ ತುದಿಯಲ್ಲಿ 50 ಓಮ್ ಇದ್ದರೆ ಮಾತ್ರ ನಿಜ. ಫಾಲೋವರ್‌ನ ಔಟ್‌ಪುಟ್ ಬರೀ ಕೆಲವೇ ಓಮ್. ಅದಕ್ಕೇ ಡಿಸಿ ತಡೆಯುವ ಕೆಪಾಸಿಟರ್ ಜೊತೆ ಸೀರೀಸ್‌ನಲ್ಲಿ 47 ಓಮ್ ಸೇರಿಸಿದೆ. ಅರ್ಧ ವೋಲ್ಟೇಜ್ ಅಲ್ಲೇ ಹೋಗುತ್ತದೆ. ಕತ್ತರಿಸದೆ ಹೊರಬರುವುದು 2 ಮಿಲಿವ್ಯಾಟ್‌ಗಿಂತ ಕಡಿಮೆ. 5 ಮಿಲಿವ್ಯಾಟ್ ಕೇಳುವ ಡಯೋಡ್ ರಿಂಗ್ ಮಿಕ್ಸರ್‌ಗೆ (ಎರಡು ಸಿಗ್ನಲ್ ಬೆರೆಸುವ ಸರ್ಕ್ಯೂಟ್) ಇದು ಸಾಲದು, ಫಿಲ್ಟರ್‌ಗಿಂತ ಮುಂಚೆ ಇನ್ನೊಂದು ಆಂಪ್ಲಿಫೈಯರ್ ಬೇಕು.