ಟೋಕನ್‌ಗೆ ಮುಂಚೆ ಪಹಣಿ: ಹೊಲದ ಇಂಗಾಲಕ್ಕೆ ಹಣ ಹೊಂದಿಸುವ ಬಗೆ

ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇಡುವ ಡಿಜಿಟಲ್ ಲೆಕ್ಕದ ಪುಸ್ತಕ) ಟೋಕನ್ ಮಾರಿ ಹೊಲದ ಇಂಗಾಲಕ್ಕೂ ಜೀವವೈವಿಧ್ಯಕ್ಕೂ ಹಣ ತರಬೇಕೆಂದು ಮುಂಡರಗಿ, ಶಿರಹಟ್ಟಿ ಕಡೆಯ ರೈತ ಗುಂಪು ಹೊರಟರೆ, ಮೊದಲು ತೆರೆಯಬೇಕಾದದ್ದು ಪಹಣಿ; ಟೋಕನ್ ಇಡುವ ಡಿಜಿಟಲ್ ಚೀಲವಾದ ವಾಲೆಟ್ ಆಮೇಲೆ. ಇಂಗಾಲದ ಟೋಕನ್ ಒಂದು ರಸೀದಿಯಷ್ಟೇ. ಸಾಮಾನ್ಯವಾಗಿ ಅದು ಹೀರಿಕೊಂಡ ಅಥವಾ ತಡೆದ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ಪ್ರತಿನಿಧಿಸುತ್ತದೆ. ಅಲ್ಲಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮವಾಗಿರುವುದರಿಂದ ಗುಡ್ಡದ ಮರಗಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಸ್ವಂತ ಸರ್ವೆ ನಂಬರುಗಳನ್ನೇ ಪಟ್ಟಿ ಮಾಡಿ, ಜಂಟಿ ಖಾತೆಯಿದ್ದಲ್ಲಿ ಎಲ್ಲ ಖಾತೆದಾರರ ಲಿಖಿತ ಒಪ್ಪಿಗೆ ಪಡೆಯಬೇಕು.

ಆಮೇಲಿನದು ಅಳತೆ, ಇಡೀ ಕೆಲಸದ ಜೀವ ಇರುವುದು ಇಲ್ಲಿಯೇ. ಒಂದು ಎಕರೆಯ ಮೇಲಿನ 30 ಸೆಂಟಿಮೀಟರ್ ಮಣ್ಣು, ಘನ ಮೀಟರಿಗೆ 1.3 ಟನ್ ಸಾಂದ್ರತೆ ಹಿಡಿದರೆ, ಸುಮಾರು 1,580 ಟನ್ ತೂಗುತ್ತದೆ. ಅದರ ಸಾವಯವ ಇಂಗಾಲ ಶೇ. 0.50ರಿಂದ 0.60ಕ್ಕೆ ಏರಿದರೆ ಸೇರ್ಪಡೆಯಾಗುವುದು 1.58 ಟನ್ ಇಂಗಾಲ. ಅದನ್ನು ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತರಲು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 5.8 ಟನ್. ಈ ಏರಿಕೆಗೇ ಹಲವು ವರ್ಷ ಬೇಕು, ಪರಿಶೀಲನೆಯ ಖರ್ಚು ಮಾತ್ರ ದೊಡ್ಡದು. ಹಾಗಾಗಿ ನಾಲ್ಕೆಕರೆಯವನು ಒಬ್ಬನೇ ಇಳಿಯುವುದು ಲಾಭದ ಮಾತಲ್ಲ, ರೈತ ಉತ್ಪಾದಕ ಕಂಪನಿಯ ಮೂಲಕ ನೂರಾರು ಎಕರೆ ಕೂಡಿಸಬೇಕು. ಎರೆಮಣ್ಣು ಹಸಿಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಸಾಂದ್ರತೆಯೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಅದೇ ಹಂಗಾಮಿನಲ್ಲಿ, ಜಿಪಿಎಸ್‌ನಲ್ಲಿ ಗುರುತಿಸಿದ ಅದೇ ಜಾಗದಲ್ಲಿ ಮಾದರಿ ತೆಗೆಯಬೇಕು.

ಜೀವವೈವಿಧ್ಯವನ್ನು ಟನ್ನಿನಲ್ಲಿ ತೂಗಲಾಗದು. ಬದುವಿನಲ್ಲಿ ಬೇವು, ಬನ್ನಿ, ಹುಣಸೆ ಬೆಳೆಸಿ, ನಿಗದಿತ ದಾರಿಯಲ್ಲಿ ಪ್ರತಿ ಹಂಗಾಮಿನಲ್ಲೂ ಹಕ್ಕಿಗಳನ್ನೂ ಗಿಡಗಳನ್ನೂ ಎಣಿಸಿ ದಾಖಲಿಸಬಹುದು. ಬೇಗ ಟನ್ ತೋರಿಸುವ ಆಸೆಗೆ ನೀಲಗಿರಿ ನೆಡಬಾರದು. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ ಬೇಕಾದದ್ದು ಬಯಲು ಹುಲ್ಲುಗಾವಲೇ ಹೊರತು ನೀಲಗಿರಿ ತೋಪಲ್ಲ.

ಬ್ಲಾಕ್‌ಚೈನ್‌ನ ಲೆಕ್ಕವನ್ನು ತಿದ್ದಲಾಗದು, ನಿಜ. ಆದರೆ ಸುಳ್ಳು ಬರೆದರೆ ಸುಳ್ಳೂ ಅಳಿಯದೆ ಉಳಿಯುತ್ತದೆ. ಆದ್ದರಿಂದ ವೆರಾ ಅಥವಾ ಗೋಲ್ಡ್ ಸ್ಟ್ಯಾಂಡರ್ಡ್‌ನಂಥ ನೋಂದಣಿ ವ್ಯವಸ್ಥೆಯಲ್ಲಿ ಮೂರನೆಯವರ ಪರಿಶೀಲನೆ ಮುಗಿದ ಮೇಲೆಯೇ, ಆ ವ್ಯವಸ್ಥೆಯ ಅನುಮತಿಯೊಂದಿಗೆ ಟೋಕನ್ ಹೊರಡಿಸಬೇಕು. ಇಂಥ ವ್ಯವಸ್ಥೆ ಪ್ರತಿ ಟನ್ನಿಗೆ ಕೊಡುವ ಪ್ರಮಾಣಪತ್ರವೇ ಕ್ರೆಡಿಟ್; ಈಗಾಗಲೇ ಬಳಸಿ ಮುಗಿಸಿದ ಕ್ರೆಡಿಟ್‌ಗಳಿಂದ ಟೋಕನ್ ಮಾಡುವುದನ್ನು ವೆರಾ 2022ರ ಮೇ ತಿಂಗಳಲ್ಲಿ ನಿಷೇಧಿಸಿತು. ಒಂದೇ ಟನ್ನನ್ನು ಎರಡು ಕಡೆ ಲೆಕ್ಕ ಹಿಡಿಯುವ ಅಪಾಯ ಕಲ್ಪನೆಯದಲ್ಲ. ಮರಕ್ಕೆ ಬೆಂಕಿ ಬಿದ್ದರೆ ನಷ್ಟ ಯಾರದು ಎಂಬುದನ್ನೂ, ಆ ಭಯಕ್ಕಾಗಿ ಎಷ್ಟು ಕ್ರೆಡಿಟ್ ಮೀಸಲಿಡಬೇಕೆಂಬುದನ್ನೂ ಖರೀದಿದಾರರ ಕರಾರಿನಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ.

ಹಣವನ್ನು ಕಂಪನಿಯ ಬ್ಯಾಂಕ್ ಖಾತೆಗೆ ರೂಪಾಯಿಯಲ್ಲೇ ಪಡೆಯುವುದು ಲೇಸು. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ನಾಣ್ಯದಂಥ ವರ್ಚುವಲ್ ಡಿಜಿಟಲ್ ಆಸ್ತಿಯ ವರ್ಗಾವಣೆಯ ಆದಾಯಕ್ಕೆ ಶೇ. 30 ತೆರಿಗೆಯಿದೆ, ನಿಮ್ಮ ಟೋಕನ್ ಅದರಡಿ ಬರುತ್ತದೆಯೇ ಎಂದು ಲೆಕ್ಕಪರಿಶೋಧಕರಿಂದ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ವಾಲೆಟ್ ಇಟ್ಟುಕೊಳ್ಳಲೇಬೇಕಾದರೆ ಐವರಲ್ಲಿ ಮೂವರ ಸಹಿಯಿಲ್ಲದೆ ಟೋಕನ್ ಕದಲದಂತೆ ಹೊಂದಿಸಿ, ವಾಲೆಟ್ ತೆರೆಯುವ ಗುಪ್ತಪದಗಳನ್ನು ಕಾಗದದಲ್ಲಿ ಬರೆದು ಬೇರೆ ಬೇರೆ ಮನೆಗಳಲ್ಲಿಡಿ; ಅವುಗಳ ಫೋಟೊ ಯಾರ ಮೊಬೈಲಿನಲ್ಲೂ ಇರಬಾರದು, ಕಾರ್ಯದರ್ಶಿಯದರಲ್ಲಂತೂ ಬೇಡವೇ ಬೇಡ.